ಸೊನ್ನೆ ಬಂದ ಲೆಕ್ಕ

ಬಿಂದುಶ್ರೀಗೆ ಕೋಪ ಬಂದರೆ ಮಾತು ನಿಲ್ಲುತ್ತದೆ, ಕೆಲಸ ಹೆಚ್ಚುತ್ತದೆ. ಅತಿಥಿ ಉಪನ್ಯಾಸಕರ ಧರಣಿಯಲ್ಲಿ ಉಳಿದವರು ಘೋಷಣೆ ಕೂಗಿ ಗಂಟಲು ಕೆಡಿಸಿಕೊಂಡರೆ ಇವಳು ಶಾಮಿಯಾನದ ಮೂಲೆಯಲ್ಲಿ ಕೂತು ಮನವಿ ಟೈಪು ಮಾಡುತ್ತಿದ್ದಳು. ಆ ಧರಣಿಯಿಂದ ಗಿಟ್ಟಿದ್ದು ಏನೂ ಇಲ್ಲ. ಇವತ್ತಿಗೂ ವರ್ಷಕ್ಕೊಮ್ಮೆ ಕೆಲಸ ಉಳಿಯಿತೋ ಹೋಯಿತೋ ಎಂದು ಕಾಯುವ ಬಾಳು ಅವಳದು. ಡಿಗ್ರಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ. ಸುದ್ದಗುಂಟೆಪಾಳ್ಯದಲ್ಲಿ ಅಪ್ಪ ಬೋರಣ್ಣ ಕಟ್ಟಿಸಿದ ಬಿಲ್ಡಿಂಗಿನ ಮೇಲುಮಹಡಿಯಲ್ಲಿ ವಾಸ. ಗಂಡನ ಮನೆ ಬಿಟ್ಟು ಬಂದದ್ದಕ್ಕೆ ಅವಳು ಕಾರಣ ಹೇಳಲಿಲ್ಲ, ಬೋರಣ್ಣ ಕೇಳಲೂ ಇಲ್ಲ.

ಮನೆಯ ಹಿಂದೆಯೇ ದೋಬಿ ಘಾಟ್. ಸಾಲು ತೊಟ್ಟಿ, ಒಗೆಯುವ ಕಲ್ಲು, ಹಗ್ಗದ ಮೇಲೆ ಹೋಟೆಲುಗಳ ಬಿಳಿ ಬೆಡ್‌ಶೀಟು. ಅದರಾಚೆ ಸಂಪಿಗೆಕಟ್ಟೆ ಕೆರೆ. ಬೇಸಿಗೆಯಲ್ಲಿ ಕೆರೆಯ ಮೀನೆಲ್ಲ ಸತ್ತು ಹೊಟ್ಟೆ ಮೇಲಾಗಿ ತೇಲಿದವು. ಘಾಟ್‌ನ ಸೋಪಿನ ನೀರೇ ಕೊಂದಿತು ಎಂದು ಕೆರೆಯಂಚಿನ ಅಪಾರ್ಟ್‌ಮೆಂಟಿನವರು ದೂರು ಕೊಟ್ಟರು. ಅವರ ಕೊಳವೆಯೂ ಅದೇ ಕೆರೆಗೆ ಬಾಯಿ ಬಿಟ್ಟುಕೊಂಡಿತ್ತು. ಆ ಸುದ್ದಿ ಯಾರೂ ಎತ್ತಲಿಲ್ಲ. ಘಾಟ್ ಮುಚ್ಚಿಸಬೇಕೋ ಬೇಡವೋ ಎಂಬ ವಿಚಾರಣೆ ಸೋಮವಾರಕ್ಕೆ ನಿಗದಿಯಾಯಿತು.

ಘಾಟ್‌ನ ಹಿರಿಯ ಹನುಮಯ್ಯ ಮೆಟ್ಟಿಲು ಹತ್ತಿ ಬಂದ. "ಬಿಂದವ್ವ, ನಿನ್ ಕಂಪ್ಯೂಟರ್ ಹೇಳಲ್ವಾ, ಯಾರ್ ಗಲೀಜು ಎಷ್ಟು ಅಂತ? ನಮ್ದೂ ಹೋಗ್ತದೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಎಲ್ಲಾ ನಮ್ದೇನಾ?"

"ಹೇಳುತ್ತೆ ತಾತ. ನಾನು ಹೇಳಿಸ್ತೀನಿ."

ಕೆರೆ ಉಳಿಸುವ ಗೆಳೆಯರು ಎಂದೋ ಬರೆದಿಟ್ಟ ಪ್ರೋಗ್ರಾಮೊಂದು ಅವಳಲ್ಲಿತ್ತು. ಯಾವ ದಿನ ಯಾವ ಮೋರಿಯಿಂದ ಎಷ್ಟು ಕೊಳೆ ಬಂತು ಎಂದು ಕೊಟ್ಟರೆ, ನೀರಿನಲ್ಲಿ ಎಷ್ಟು ಆಮ್ಲಜನಕ ಉಳಿಯಿತು ಎಂದು ಅದು ಹೇಳುತ್ತಿತ್ತು. ಅಷ್ಟು ಸಾಲದು. ಯಾವ ಮೋರಿಯ ಕೊಳೆ ಚೂರು ಹೆಚ್ಚಿದರೆ ಆಮ್ಲಜನಕ ಎಷ್ಟು ಕುಸಿಯುತ್ತದೆ ಎಂಬ ದರ ಬೇಕು. ಇಡೀ ವರ್ಷದ ಒಂದೊಂದು ದಿನಕ್ಕೂ ಒಂದೊಂದು ಮೋರಿಗೂ ಬೇರೆ ಬೇರೆಯಾಗಿ ಅದನ್ನು ತೆಗೆಯುತ್ತ ಕೂತರೆ ಸೋಮವಾರ ಬಂದು ಹೋಗಿರುತ್ತದೆ. ಪ್ರೋಗ್ರಾಮಿನ ಪ್ರತಿ ಕೂಡುವುದು ಕಳೆಯುವುದನ್ನೂ ಹಿಂಬಾಲಿಸಿ, ಅಷ್ಟೂ ದರಗಳನ್ನು ಒಂದೇ ಸಲಕ್ಕೆ ತೆಗೆದುಕೊಡುವ, ಬೇರೆಯವರು ಬರೆದಿಟ್ಟ ಕೋಡಿನ ಕಂತೆಗಳಿವೆ, ಲೈಬ್ರರಿ ಎನ್ನುತ್ತಾರೆ. ಪಿಯುಸಿಯಲ್ಲಿ ಕಲಿಸುವ ಡಿಫರೆನ್ಸಿಯೇಷನ್ನೇ. ಕೈಯಲ್ಲಿ ಮಾಡುವುದನ್ನು ಯಂತ್ರ ಮಾಡುತ್ತದೆ. ಆದರೆ ಪ್ರೋಗ್ರಾಂ ಹಳೆಯದು, ಅದಕ್ಕೆ ಒಗ್ಗುವ ಲೈಬ್ರರಿ ಇನ್ನೂ ಹಳೆಯದು. ಸಿದ್ಧರೂಪದಲ್ಲಿ ಎಲ್ಲೂ ಸಿಗಲಿಲ್ಲ. ಸೋರ್ಸ್ ಕೋಡ್ ಇಳಿಸಿಕೊಂಡು ತಾನೇ ಕಂಪೈಲ್ ಮಾಡಲು, ಅಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತರಲು, ಕೂತಳು.

ಮೊದಲ ಸಾಲಿಗೇ ಎಡವಿತು. ಅದು ಕೇಳಿದ ಇನ್ನೊಂದು ಲೈಬ್ರರಿ ಹಾಕಿದಳು. ಆ ಲೈಬ್ರರಿ ಮತ್ತೊಂದನ್ನು ಕೇಳಿತು. ಅದನ್ನೂ ಹಾಕಿದರೆ, ಲ್ಯಾಪ್‌ಟಾಪಿನ ಹೊಸ ಕಂಪೈಲರ್ ಹಳೆಯ ಕೋಡ್ ನೋಡಿ ಪುಟಗಟ್ಟಲೆ ಬೈಯಿತು. ಕೆಂಪು ಸಾಲುಗಳನ್ನು ಒಂದೊಂದಾಗಿ ಸರಿಮಾಡಿ ಮತ್ತೆ ಬಿಟ್ಟಳು. ಮುಕ್ಕಾಲು ಭಾಗ ಸರಾಗವಾಗಿ ಹೋಗಿ ನಿಂತಿತು. ಮೆಮೊರಿ ಸಾಲದೆ ಯಂತ್ರವೇ ಅದನ್ನು ಕೊಂದುಹಾಕಿತ್ತು. ಬ್ರೌಸರ್ ಮುಚ್ಚಿ, ಒಂದು ಸಲಕ್ಕೆ ಒಂದೇ ಫೈಲು ಎಂದು ಹೇಳಿ ಮೊದಲಿಂದ ಶುರುಮಾಡಿದಳು. ನಡುವೆ ಕರೆಂಟು ಹೋಯಿತು, ಲ್ಯಾಪ್‌ಟಾಪಿನ ಸತ್ತ ಬ್ಯಾಟರಿ ಒಂದು ನಿಮಿಷವೂ ತಡೆಯಲಿಲ್ಲ.

ಭಾನುವಾರ ಮಧ್ಯಾಹ್ನ ಬಿಲ್ಡ್ ಮುಗಿಯಿತು. ಉಳಿದದ್ದು ಪರೀಕ್ಷೆ. ಲೈಬ್ರರಿ ಕೊಡುವ ಉತ್ತರ ಸರಿಯೇ ಎಂದು ನೋಡಲು ಬರೆದವರೇ ಇಟ್ಟ ಪರೀಕ್ಷೆಗಳು. ಕೆಲವು ಫೇಲಾದವು.

ಬೋರಣ್ಣ ಮಜ್ಜಿಗೆ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಇನ್ನೂ ಏನವ್ವಾ ಮಗಾ?"

"ಎದ್ದು ನಿಂತಿದೆ ಅಪ್ಪ. ಆದ್ರೆ ಟೆಸ್ಟ್ ಪಾಸಾಗ್ತಿಲ್ಲ."

"ನಿಂತ್ಮೇಲೆ ಇನ್ನೇನ್ ಟೆಸ್ಟು? ಈ ಮನೆ ಪ್ಲಾನು ಎರಡಂತಸ್ತಿಗೆ, ನಾನ್ ಕಟ್ಸಿದ್ದು ನಾಲ್ಕು. ಬಿತ್ತಾ? ಆಮೇಲ್ ಸಕ್ರಮ ಮಾಡಿಸ್ಕೊಂಡ್ರಾಯ್ತು, ಕುಡಿ."

ಅವಳು ನಕ್ಕಳು. ಫೇಲಾದವು ಯಾವುದೋ ಮೂಲೆಯ ಲೆಕ್ಕಗಳಿರಬೇಕು, ಆಮೇಲೆ ನೋಡಿದರಾಯಿತು ಎಂದುಕೊಂಡಳು. ಪರೀಕ್ಷೆಗಳನ್ನು ಆಫ್ ಮಾಡಿ ಇನ್‌ಸ್ಟಾಲ್ ಮಾಡಿದಳು. ಊರಿಗೆ ಊರೇ ಹಾಗೆ ಎದ್ದು ನಿಂತಿರುವಾಗ ಅವಳೊಬ್ಬಳು ಯಾಕೆ ಅಳುಕಬೇಕು?

ಉತ್ತರ ಬಂತು. ಅಪಾರ್ಟ್‌ಮೆಂಟಿನ ಕೊಳವೆಗೆ ದೊಡ್ಡ ಅಂಕಿ. ಘಾಟ್‌ನ ಮೋರಿಗೆ ಸೊನ್ನೆ. ಅಷ್ಟೊಂದು ಸೋಪಿನ ನೀರು ಕೆರೆಗೆ ಇಳಿದೂ ಕೆರೆಗೆ ಏನೂ ಆಗದು ಎನ್ನುವ ಸೊನ್ನೆ. ಬೇರೆ ಯಾವತ್ತಾದರೂ ಆಗಿದ್ದರೆ ಇಂಥ ಉತ್ತರ ತಂದ ವಿದ್ಯಾರ್ಥಿಯನ್ನು ಅವಳು ಕ್ಲಾಸಿನಿಂದ ಆಚೆ ಕಳಿಸುತ್ತಿದ್ದಳು. ಆದರೆ ಅವಳಿಗೆ ಬೇಕಿದ್ದದ್ದು ಆ ಸೊನ್ನೆಯೇ. ಬಾಲ್ಕನಿಗೆ ಓಡಿ "ತಾತಾ, ನಿಮ್ದೇನೂ ಇಲ್ಲ!" ಎಂದು ಕೂಗಿದಳು. ಕೆಳಗೆ ಯಾರೋ ಸಿಳ್ಳೆ ಹಾಕಿದರು. ಚಳವಳಿಯವರು ಮುಚ್ಚಿಡಬಾರದು ಎಂದು ಪ್ರೋಗ್ರಾಮನ್ನೂ ಉತ್ತರವನ್ನೂ ಎರಡೂ ಕಡೆಯವರಿಗೆ ಮೇಲ್ ಮಾಡಿದಳು.

ವಿಚಾರಣೆಯಲ್ಲಿ ಅಪಾರ್ಟ್‌ಮೆಂಟಿನ ಪರವಾಗಿ ಬಂದದ್ದು ವಿಷ್ಣು, ಜಯನಗರದ ನಿವೃತ್ತ ಇಂಜಿನಿಯರ್. ದನಿ ಏರಿಸದ ಮನುಷ್ಯ.

"ಮೇಡಂ, ನಿಮ್ಮದೇ ಪ್ರೋಗ್ರಾಂ ನಾನೂ ಓಡಿಸಿದೆ. ಲೈಬ್ರರಿ ಗೀಬ್ರರಿ ಏನೂ ಇಲ್ಲದೆ. ಘಾಟ್ ನೀರು ಸ್ವಲ್ಪ ಹೆಚ್ಚು ಮಾಡಿ ಒಂದ್ಸಲ, ಕಡಿಮೆ ಮಾಡಿ ಒಂದ್ಸಲ. ಆಮ್ಲಜನಕ ಬದಲಾಯ್ತಲ್ಲ? ಸೊನ್ನೆ ಹೇಗೆ ಬಂತು?"

ಹತ್ತು ನಿಮಿಷದ ಕೆಲಸ. ಒಂದೇ ಮೋರಿಗೆ ಹಾಗೆ ನೋಡಿದ್ದರೂ ಸಾಕಿತ್ತು. ಅವಳು ನೋಡಿರಲಿಲ್ಲ.

"ಟೆಸ್ಟ್ ರಿಪೋರ್ಟ್ ಇದೆಯಾ ಮೇಡಂ?"

ಬಿಂದುಶ್ರೀ ಕೈಯಲ್ಲಿದ್ದ ಹಾಳೆಗಳನ್ನು ಮಡಚಿದಳು. ವಿಚಾರಣೆಗೆ ಕೂತಿದ್ದ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಬೇಕಾದ ಹಾಗೆ ಲೆಕ್ಕ ಬರಕೊಂಡು ಬಂದ್ರೆ ಹೆಂಗಮ್ಮಾ?" ಅಪಾರ್ಟ್‌ಮೆಂಟಿನ ಕೊಳವೆಯ ಮಾತು ಎತ್ತಲು ಇವರ ಕಡೆಯವರೊಬ್ಬರು ಎದ್ದರು. ಅಧಿಕಾರಿ ಕೂತ್ಕೊಳ್ರೀ ಎಂದ. ಒಂದು ಸುಳ್ಳು ಸಿಕ್ಕಿಬಿದ್ದ ಮೇಲೆ ಬಡವರ ಬಾಯಿಯ ನಿಜಕ್ಕೆ ಕಚೇರಿಯಲ್ಲಿ ಕುರ್ಚಿ ಸಿಗುವುದಿಲ್ಲ. ಉಳ್ಳವರ ಸುಳ್ಳಿಗೆ ಮರು ವಿಚಾರಣೆಯಾದರೂ ಇರುತ್ತದೆ. ಘಾಟ್ ಮುಚ್ಚುವಂತೆ ಅಲ್ಲೇ ಆದೇಶವಾಯಿತು.

ಮನೆಗೆ ಬಂದು ಅವಳು ಎಲ್ಲವನ್ನೂ ಅಳಿಸಿದಳು. ಲೆಕ್ಕ ಕೆಡಿಸಿದ್ದ ಹೊಸ ಕಂಪೈಲರ್ ಬಿಟ್ಟು, ಲೈಬ್ರರಿಯ ಕಾಲದ್ದೇ ಹಳೆಯ ಕಂಪೈಲರ್ ಹುಡುಕಿ ತಂದು, ಮೊದಲಿಂದ ಬಿಲ್ಡ್ ಮಾಡಿದಳು. ಬೋರಣ್ಣ ಬಂದು ಮಜ್ಜಿಗೆ ಲೋಟ ಪಕ್ಕದಲ್ಲಿಟ್ಟು ಹೋದ. ಪರೀಕ್ಷೆಗಳೆಲ್ಲ ಪಾಸಾದವು. ವಿಷ್ಣು ಮಾಡಿದಂತೆ ಹೆಚ್ಚು ಕಡಿಮೆ ಮಾಡಿಯೂ ನೋಡಿದಳು, ತಾಳೆಯಾಯಿತು. ಘಾಟ್‌ನ ಪಾಲು ಇತ್ತು, ಚಿಕ್ಕದು. ಮೀನು ಕೊಂದದ್ದು ಬಹುಪಾಲು ಅಪಾರ್ಟ್‌ಮೆಂಟಿನ ಕೊಳವೆಯೇ. ಎಲ್ಲರಿಗೂ ಮೇಲ್ ಮಾಡಿದಳು. ವಿಷ್ಣುವೊಬ್ಬರೇ ಉತ್ತರಿಸಿದರು: ಈಗ ಲೆಕ್ಕ ಸರಿಯಾಗಿದೆ, ಆದರೆ ಆದೇಶ ಆಗಿಹೋಗಿದೆ. ಕಚೇರಿಯಿಂದ ಅದೂ ಬರಲಿಲ್ಲ.

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಘಾಟ್‌ಗೆ ಇಳಿದಳು. ತೊಟ್ಟಿಗಳನ್ನು ಜೆಸಿಬಿ ಆಗಲೇ ಒಡೆದಿತ್ತು. ಹನುಮಯ್ಯ ಒಗೆಯುವ ಕಲ್ಲೊಂದನ್ನು ಗಾಡಿಗೆ ಏರಿಸುತ್ತಿದ್ದ.

"ತಾತ, ಸರಿಯಾದ ಲೆಕ್ಕ ಬಂತು. ನಿಮ್ದು ಸ್ವಲ್ಪವೇ. ಬಹುಪಾಲು ಅವರದೇ. ಈ ಸಲ ಎಲ್ಲಾ ನೋಡಿದೀನಿ."

ಹನುಮಯ್ಯ ಪರದೆಯ ಕಡೆ ಕಣ್ಣು ಹಾಯಿಸಲಿಲ್ಲ. ಕಲ್ಲಿಗೆ ಭುಜ ಕೊಟ್ಟ.

"ಮೊನ್ನೇನೂ ಹಿಂಗೇ ಅಂದಿದ್ದೆ ಅಲ್ವೇನವ್ವ. ಸ್ವಲ್ಪ ಆ ಕಡೆ ಸರ್ಕೋ, ಗಾಡಿ ತಿರುಗ್ಬೇಕು."