ಎರಡು ಸಲ ನೋ

ಆಗೆಲ್ಲ ಕಾಫಿ ಕೊಯ್ಲು ಶುರುವಾಯಿತೆಂದರೆ ಎಸ್ಟೇಟಿನ ಮಕ್ಕಳೆಲ್ಲ ಬಂಗಲೆಯ ಜಗಲಿಯಲ್ಲಿ ಸೇರುತ್ತಿದ್ದೆವು. ನನ್ನಪ್ಪ ಸುಂಟಿಕೊಪ್ಪದ ಹತ್ತಿರದ ಆ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಅಮ್ಮಂದಿರು ಪಿಕಿಂಗಿಗೆ ಹೋದಾಗ ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಮಾಲೀಕರ ಅಕ್ಕ, ಬೋಜಮ್ಮಜ್ಜಿ. ತಮಿಳು, ಮಲಯಾಳ, ತುಳು, ನಮ್ಮನೆಯ ಅರೆಭಾಷೆ ಎಲ್ಲ ಸೇರಿ ಜಗಲಿ ಸಂತೆಯಾಗುತ್ತಿತ್ತು. ಬೋರ್ಡಿಂಗ್ ಶಾಲೆಯಲ್ಲಿ ಓದಿದ್ದ ಅಜ್ಜಿ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದರು: ‘ಅದು ನೋನೋ.’

‘ನೋ ಅಂದ್ರೆ ಬೇಡ. ಎರಡು ಸಲ ಯಾಕಜ್ಜಿ?’ ಎಂದು ಕೇಳಿದ್ದೆ.

‘ಒಂದು ನೋ ಅಂದ್ರೆ ಅಮ್ಮನ್ನ ಕಾಡಿಬೇಡಿ ಒಪ್ಪಿಸ್ಬಹುದು ಕುಂಞಿ. ನೋನೋ ಅಂದ್ರೆ ಯಾರು ಒಪ್ಪಿದ್ರೂ ಆಗಲ್ಲ.’

ಒಣಗಲು ಹರಡಿದ ಕಾಫಿಯ ಮೇಲೆ ಓಡುವುದು ನೋನೋ. ಕಚ್ಚುವ ಕೆಂಜಿಗದ ಇರುವೆಗೂಡಿಗೆ ಕೋಲು ಹಾಕುವುದು ನೋನೋ. ಬರಬರುತ್ತ ನಾವೂ ಅದನ್ನು ಬೇಕಾದಲ್ಲೆಲ್ಲ ಬಳಸತೊಡಗಿದೆವು. ಉಪ್ಪಿಟ್ಟಿನೊಳಗಿನ ಮೆಣಸಿನಕಾಯಿ ನೋನೋ ಆಯಿತು. ಸಕ್ಕರೆ ಕಾಯಿಲೆಯ ಅಜ್ಜಿ ಘಮಘಮಿಸುವ ನಮ್ಮ ಬೆಲ್ಲದ ಕಾಫಿಗೆ ಕೈ ಹಾಕಿದರೆ ಇಡೀ ಜಗಲಿ ‘ನೋನೋ’ ಎನ್ನುತ್ತಿತ್ತು. ಅವರು ಗಂಭೀರವಾಗಿ ಲೋಟ ಕೆಳಗಿಡುತ್ತಿದ್ದರು.

ಆ ವರ್ಷ ಅಸ್ಸಾಮಿನಿಂದ ಒಂದು ಕುಟುಂಬ ಕೂಲಿಯವರ ಲೈನುಮನೆಗೆ ಬಂತು. ಅವರ ಮಗಳು ಮೈನಾ ಆಗಷ್ಟೇ ಓಡಲು ಕಲಿತಿದ್ದಳು. ನಮ್ಮ ಯಾವ ಭಾಷೆಯೂ ಅವಳಿಗೆ ಬಾರದು. ನೋನೋ ಮಾತ್ರ ಬೇಗ ಬಂತು.

ಒಂದು ಮಧ್ಯಾಹ್ನ ಕೋಳಿಮರಿಯನ್ನು ಅಟ್ಟಿಸಿಕೊಂಡು ಅವಳು, ಕಾಫಿಹಣ್ಣು ಸುಲಿಯುವ ಪಲ್ಪರ್ ಮನೆಯ ಪಕ್ಕದ ಗುಂಡಿಯತ್ತ ಓಡಿದಳು. ಸಿಪ್ಪೆ ತೇಲಿ, ನೀರೇ ಕಾಣದೆ, ಗುಂಡಿ ಕೆಂಪು ಅಂಗಳದ ಹಾಗಿತ್ತು. ‘ಮೈನಾ, ಬಾ ಇಲ್ಲಿ’ ಎಂದು ಕೂಗುತ್ತ ನಾನು ಹಿಂದೆ ಓಡಿದೆ. ಆಟವೆಂದುಕೊಂಡು ಅವಳು ನಗುತ್ತ ಇನ್ನೂ ಜೋರಾಗಿ ಓಡಿದಳು.

‘ಮೈನಾ, ನೋನೋ.’ ಜಗಲಿಯಿಂದ ಅಜ್ಜಿಯ ದನಿ.

ಗುಂಡಿಯ ಅಂಚಿನಲ್ಲೇ ಮಗು ನಿಂತುಬಿಟ್ಟಿತು. ನಾನು ಹೋಗಿ ಅವಳ ಫ್ರಾಕು ಹಿಡಿದುಕೊಂಡೆ. ಅಜ್ಜಿ ಬಂದು ಅವಳನ್ನು ಎತ್ತಿಕೊಂಡರು.

ಸಂಜೆ ಮೈನಾಳ ಅಮ್ಮ ಬಂದಳು. ಅಜ್ಜಿ ಗುಂಡಿಯನ್ನು ತೋರಿಸಿದರು, ಮಗುವನ್ನು ತೋರಿಸಿದರು. ಅವಳಿಗೆ ಅರ್ಥವಾಯಿತು. ‘ನೋನೋ?’ ಎಂದಳು ಮೆಲ್ಲಗೆ.

‘ಹೌದಮ್ಮಾ, ನೋನೋ.’

ಆಮೇಲೆ ಇಬ್ಬರೂ ಮಗುವನ್ನು ನಡುವೆ ಕೂರಿಸಿಕೊಂಡು, ಮೆಟ್ಟಿಲ ಮೇಲೆ ಕೂತು ಅತ್ತರು. ಮಾರನೆಯ ಬೆಳಿಗ್ಗೆಯೇ ಅಪ್ಪ ಮುಂದೆ ನಿಂತು ಗುಂಡಿಗೆ ಬೇಲಿ ಹಾಕಿಸಿದರು.

ಕೊಯ್ಲು ಮುಗಿದ ಮೇಲೆ ಆ ಕುಟುಂಬ ಗೋಣಿಕೊಪ್ಪಲಿನ ಕಡೆ ಹೋಯಿತು. ಅಜ್ಜಿ ತೀರಿಕೊಂಡು ವರ್ಷಗಳಾದವು. ಈಗ ನಾನೇ ಒಂದು ಸಣ್ಣ ತೋಟ ನೋಡಿಕೊಳ್ಳುತ್ತೇನೆ. ಕೊಯ್ಲಿನವರು ಬೆಳಿಗ್ಗೆ ಜೀಪಿನಲ್ಲಿ ಬಂದು ಸಂಜೆ ಹೊರಟುಹೋಗುತ್ತಾರೆ. ಅವರಿಗೂ ಮಕ್ಕಳಿರಬೇಕು. ಒಂದು ಮಗುವಿನ ಹೆಸರೂ ನನಗೆ ಗೊತ್ತಿಲ್ಲ.