ಷಡ್ಡಕನ ಜರ್ಮನ್ ಮಷೀನು

ನಮ್ಮೂರು ಇಂಡಿಯಲ್ಲಿ ಆಗ ಮದುವೆ ಕಾರ್ಡು ಎಂದರೆ ನನ್ನ ಪ್ರೆಸ್ಸು. ಜಂಬಕ್ಕೆ ಹೇಳುತ್ತಿಲ್ಲ, ಬೇರೆ ಪ್ರೆಸ್ಸೇ ಇರಲಿಲ್ಲ. ಕಾಲಲ್ಲಿ ತುಳಿಯುವ ಒಂದು ಟ್ರೆಡಲ್, ಪಕ್ಕದಲ್ಲಿ ಅಚ್ಚಿನ ಮೊಳೆಗಳ ಗೂಡು, ಒಳಗೆ ಸದಾ ಸೀಮೆಎಣ್ಣೆ ಮತ್ತು ಶಾಯಿಯ ವಾಸನೆ. ಹೊರ್ತಿಯಿಂದ ಜನ ಬರುತ್ತಿದ್ದರು, ಸಿಂದಗಿಯಿಂದಲೂ ಬರುತ್ತಿದ್ದರು. ಯಾರ ಮಗಳಿಗೆ ಎಲ್ಲಿ ಗಟ್ಟಿಯಾಯಿತು ಎಂಬುದು ಊರಿಗೆ ಗೊತ್ತಾಗುವ ಮೊದಲು ನನಗೆ ಗೊತ್ತಾಗುತ್ತಿತ್ತು. ಆ ಸುಖವೇನು ಸಣ್ಣದಲ್ಲ.

ಎಪ್ಪತ್ತರ ದಶಕದ ನಡುವೆ ಒಮ್ಮೆ ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಅದೇ ಬಜಾರಿನಲ್ಲಿ ಪ್ರೆಸ್ಸು ಹಾಕುತ್ತೇನೆ ಎಂದ. ಹಾಕಲಿ ಬಿಡಿ. ಆದರೆ ಅವನು ಟ್ರೆಡಲ್ ತರುವುದಿಲ್ಲವಂತೆ. ತಾನೇ ಕಾಗದ ಎಳೆದುಕೊಂಡು ತಾನೇ ಅಚ್ಚು ಹಾಕುವ ಕರೆಂಟಿನ ಮಷೀನನ್ನು ಪೂರ್ವ ಜರ್ಮನಿಯಿಂದ ತರಿಸುತ್ತಾನಂತೆ. ಮಷೀನು ಮಾರುವ ಮುಂಬಯಿಯ ಏಜೆಂಟನೊಬ್ಬ ಆಮದಿನ ಲೈಸನ್ಸನ್ನೂ ಮಾಡಿಸಿಕೊಟ್ಟಿದ್ದ. ಸುದ್ದಿ ಕೇಳಿದ ದಿನ ನಾನು ಅರ್ಧ ರೊಟ್ಟಿಗೇ ಎದ್ದೆ. ಆ ಮಷೀನು ತಿರುಗತೊಡಗಿದರೆ ಇಂಡಿಯಲ್ಲಿ ನನ್ನ ಟ್ರೆಡಲ್ಲಿಗೆ ಯಾರೂ ಕಾರ್ಡು ತರುವುದಿಲ್ಲ. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಮಾಷೆ ನೋಡಿ, ಆ ಮಷೀನನ್ನು ಊರಿಗೆ ತಂದು ಮುಟ್ಟಿಸುವ ಕೆಲಸ ನನ್ನ ಕೊರಳಿಗೇ ಬಿತ್ತು. ಪ್ರೆಸ್ಸು ಹಾಕುವ ಮೊದಲು ನಾನು ಕೆಲವು ವರ್ಷ ಮುಂಬಯಿಯಲ್ಲಿ, ಬಂದರಿನಿಂದ ಮಾಲು ಬಿಡಿಸಿಕೊಡುವ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮರಾಠಿ ಸಲೀಸಾಗಿ ಬರುತ್ತಿತ್ತು. ಷಡ್ಡಕನಿಗೋ ಸೊಲ್ಲಾಪುರ ದಾಟಿದರೆ ದಿಕ್ಕು ತಿಳಿಯುತ್ತಿರಲಿಲ್ಲ. ಹೇಳಲಿಕ್ಕೆ ಇಂಗಳೇಶ್ವರದಿಂದ ಮಾವನವರೇ ಬಂದರು. ಇಬ್ಬರು ಅಳಿಯಂದಿರೂ ತನಗೆ ಒಂದೇ ಎನ್ನುವ ಮನುಷ್ಯ. ಆದರೆ ಊಟಕ್ಕೆ ಕೂತಾಗ ತುಪ್ಪದ ಗಿಂಡಿ ಕಿರಿಯ ಅಳಿಯನ ಕಡೆಗೇ ಮೊದಲು ಹೋಗುತ್ತಿತ್ತು.

"ಅಳಿಯಾರ, ಇದು ನಿಮ್ಮಿಂದನ ಆಗೂ ಕೆಲಸ. ಅವಗ ಈ ಹಡಗದ ವ್ಯವಹಾರ ಏನ ತಿಳೀತೈತ್ರಿ?"

"ಹೌದ್ರಿ ಮಾವಾರ," ಎಂದೆ. ಮತ್ತೇನು ಹೇಳಲಿ?

ಹೊಟ್ಟೆಕಿಚ್ಚಿನ ಮನುಷ್ಯ ಕೆಲಸ ಕೆಡಿಸುತ್ತಾನೆ ಎಂದು ಜನ ತಿಳಿದಿರುತ್ತಾರೆ. ನನ್ನದು ಬೇರೆ ತರಹದ ಹೊಟ್ಟೆಕಿಚ್ಚು. ಮಷೀನು ಅವನದಾದರೂ ತಂದವನು ನಾನು ಎಂದು ಬಜಾರು ಮಾತಾಡಬೇಕು, ಅಷ್ಟು ಚೊಕ್ಕವಾಗಿ ತರಬೇಕು ಎಂಬ ಹಟ ಹಿಡಿಯಿತು. ಹಡಗಿನ ಬಾಡಿಗೆ ಯಾರದು, ಎಲ್ಲಿಯವರೆಗೆ ಜರ್ಮನಿಯವರ ಜವಾಬ್ದಾರಿ, ಎಲ್ಲಿಂದ ನಮ್ಮದು, ಎಲ್ಲವನ್ನೂ ಮೊದಲೇ ಬರೆಸಿಕೊಂಡೆ. ಸಮುದ್ರದ ಉಪ್ಪುಗಾಳಿ ತಾಗದಂತೆ ಎಣ್ಣೆಕಾಗದ ಸುತ್ತಿ ದಪ್ಪ ಹಲಗೆಯ ಪೆಟ್ಟಿಗೆಯಲ್ಲಿ ಕಳಿಸಿ ಎಂದು ಬರೆದೆ. ವಿಮೆ ಮುಂಬಯಿ ಬಂದರಿನ ಧಕ್ಕೆಗೇ ಮುಗಿಯಬಾರದು, ಇಂಡಿಯವರೆಗೆ ಇರಬೇಕು ಎಂದೆ. ಅದಕ್ಕೆ ಷಡ್ಡಕ ಮುಖ ಸಿಂಡರಿಸಿದ.

"ಮುಂಬೈಕ್ಕ ಬಂದಮ್ಯಾಲ ಇನ್ನೇನಾಗತೈತಿ ಅಣ್ಣಾ? ಸುಮ್ನ ದಂಡದ ಖರ್ಚು."

"ಸೊಲ್ಲಾಪುರದಾಗ ದೊಡ್ಡ ಗಾಡಿಯಿಂದ ಸಣ್ಣ ಗಾಡಿಗಿ ಮಾಲು ಹ್ಯಾಂಗ ಒಗೀತಾರ ನೋಡೀಯೇನು? ನೋಡಿದ್ರ ಹಿಂಗ ಮಾತಾಡ್ತಿದ್ದಿಲ್ಲ."

ಆಗ ಮುಂಬಯಿಯಿಂದ ಸೊಲ್ಲಾಪುರದವರೆಗೆ ಅಗಲ ಹಳಿ, ಅಲ್ಲಿಂದ ನಮ್ಮ ಕಡೆಗೆ ಸಣ್ಣ ಹಳಿ. ಬಂದದ್ದನ್ನೆಲ್ಲ ಅಲ್ಲಿ ಇಳಿಸಿ ಮತ್ತೆ ಹೇರಬೇಕು. ಹಮಾಲರ ಕೈಯಲ್ಲಿ ಪಿಂಗಾಣಿಗೂ ಕಬ್ಬಿಣಕ್ಕೂ ಒಂದೇ ಮರ್ಯಾದೆ.

ಹಡಗು ಬಂತೆಂದು ತಂತಿ ಬಂದಾಗ ನಾನೇ ಮುಂಬಯಿಗೆ ಹೋದೆ. ಕಸ್ಟಮ್ಸಿನವರ ಎದುರು ಕೂತು, ಎದ್ದು, ಮತ್ತೆ ಕೂತು, ಕೊನೆಗೆ ಪೆಟ್ಟಿಗೆ ಶೆಡ್ಡಿನಿಂದ ಹೊರಗೆ ಬಂತು. ಒಂದು ಸಣ್ಣ ಕೋಣೆಯಷ್ಟು ದೊಡ್ಡದು. ಹಲಗೆಯ ಮೇಲೆ ಕೈ ಇಟ್ಟೆ. ಎಂದೂ ಕಾಣದ ಯಾವುದೋ ಮರದ ವಾಸನೆ ಬರುತ್ತಿತ್ತು. ಇದು ನನ್ನದಾಗಿರಬೇಕಿತ್ತು ಎಂದು ಎಂಥ ಆಸೆಯಾಯಿತೆಂದರೆ ಕಣ್ಣು ತುಂಬಿ ಬಂತು. ಜೊತೆಗಿದ್ದ ಕ್ಲಿಯರಿಂಗ್ ಏಜೆಂಟ್ ಕಣ್ಣಿಗೆ ಧೂಳು ಬಿತ್ತೇ ಎಂದು ಮರಾಠಿಯಲ್ಲಿ ಕೇಳಿದ. ಹೌದು ಎಂದೆ. ವ್ಯಾಗನ್ನಿಗೆ ಹೇರಿಸಿ, ಹಗ್ಗ ಬಿಗಿದದ್ದನ್ನು ಕಣ್ಣಾರೆ ನೋಡಿ, ಊರಿನ ಗಾಡಿ ಹತ್ತಿದೆ.

ವ್ಯಾಗನ್ನು ಇಂಡಿ ರೋಡ್ ಸ್ಟೇಷನ್ನಿಗೆ ಬಂದ ದಿನ ಅಲ್ಲಿ ಮದುವೆ ಮನೆಯ ಕಳೆ. ಮಾವನವರು ಹೊಸ ರುಮಾಲು ಸುತ್ತಿ ನಿಂತಿದ್ದರು. ಅಕ್ಕತಂಗಿ ಇಬ್ಬರೂ ಆರತಿ ತಟ್ಟೆ ಹಿಡಿದು ಬಂದಿದ್ದರು. ನಮ್ಮ ಕಡೆ ಎತ್ತು ತರಲಿ, ಗಾಡಿ ತರಲಿ, ಮುಖ ನೋಡಿ ವಿಭೂತಿ ಹಚ್ಚಿ ಕಾಯಿ ಒಡೆದ ಮೇಲೆಯೇ ಊರೊಳಗೆ ಕರೆದುಕೊಳ್ಳುವುದು. ಮಷೀನಿಗೂ ಅದೇ ಎಂದು ಮಾವನವರು ತೀರ್ಮಾನಿಸಿಯಾಗಿತ್ತು. ಮುಹೂರ್ತವನ್ನೂ ಕೇಳಿಸಿಕೊಂಡು ಬಂದಿದ್ದರು.

ಹಮಾಲರು ಮರದ ದಿಮ್ಮಿ ಹಾಕಿ ಪೆಟ್ಟಿಗೆಯನ್ನು ಉರುಳಿಸಿಕೊಂಡು ಗೂಡ್ಸ್ ಶೆಡ್ಡಿಗೆ ತಂದರು. ನಾನು ಸುತ್ತ ಒಂದು ಸುತ್ತು ಹಾಕಿದೆ. ಹಿಂದಿನ ಮೂಲೆಯಲ್ಲಿ ಎರಡು ಹಲಗೆ ಒಳಗೆ ಕುಸಿದಿದ್ದವು. ಮುಂಬಯಿಯಲ್ಲಿ ಅವು ಸರಿಯಾಗಿದ್ದವು. ಅಷ್ಟರಲ್ಲಿ ಷಡ್ಡಕ ಹಾರೆ ಎತ್ತಿಯಾಗಿತ್ತು.

"ತೆರೀಬ್ಯಾಡ್ರಿ!" ಎಂದು ಕೂಗಿದೆ. "ಸೊಲ್ಲಾಪುರದಿಂದ ವಿಮಾದವರು ಬಂದು ನೋಡೂತನಕ ಯಾರೂ ಮುಟ್ಟಬ್ಯಾಡ್ರಿ. ಒಳಗ ಏನರ ಒಡದಿದ್ರ ಒಂದ ಪೈಸಾ ಸಿಗೂದಿಲ್ಲ."

"ಅವರು ಬರಾಕ ಎಷ್ಟ ದಿನಾ ಬೇಕ್ರಿ?" ಎಂದರು ಮಾವ.

"ಮೂರ್ನಾಕ ದಿನಾ ಆಗಬಹುದ್ರಿ."

"ಮನಿಗಿ ಬಂದ ಲಕ್ಷ್ಮಿನ್ನ ಮಾರಿ ಮುಚ್ಚಿ ಸ್ಟೇಷನ್ದಾಗ ಕೂಡಸೂದೇನ್ರಿ ಅಳಿಯಾರ? ಅಮಾಸಿ ಬ್ಯಾರೆ ಹತ್ತರ ಬಂದೈತಿ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ನನ್ನ ದನಿ ಏರಿತ್ತು. ಬೆಳಗಿನಿಂದ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಿರಲಿಲ್ಲ, ಪೇಢೆ ಕೊಟ್ಟರೆ ಹಲ್ಲು ನೋವು ಎಂದಿದ್ದೆ. ಷಡ್ಡಕ ಹಾರೆ ಹಿಡಿದೇ ನನ್ನ ಕಡೆ ತಿರುಗಿದ.

"ಅಣ್ಣಾ, ನಿನ್ನ ಹೊಟ್ಟಿ ಉರಿಯಾಕತ್ತೈತಿ. ನನ್ನ ಮಷೀನ ಬಂದದ್ದು ನಿನಗ ಸೈರಣಿ ಆಗವಲ್ದು. ಅದಕ್ಕ ಪೂಜಾಕ್ಕೂ ಅಡ್ಡ ಬರ್ತಿ."

ಸ್ಟೇಷನ್ನಿನ ಹಮಾಲರು ಕೂಡ ನನ್ನನ್ನೇ ನೋಡಿದರು. ಅವನ ಮಾತು ನಿಜ, ನನ್ನ ಮಾತೂ ನಿಜ. ಒಂದನ್ನು ಒಪ್ಪಿಕೊಂಡು ಇನ್ನೊಂದನ್ನು ಹೇಗೆ ಹೇಳಬೇಕೋ ತಿಳಿಯಲಿಲ್ಲ. ಹೆಂಡತಿಯ ಮುಖ ನೋಡಿದೆ. ಅವಳು ತಟ್ಟೆಯೊಳಗಿನ ದೀಪಕ್ಕೆ ಸೆರಗು ಮರೆ ಮಾಡುತ್ತ ನಿಂತಿದ್ದಳು, ನನ್ನ ಕಡೆ ತಿರುಗಲಿಲ್ಲ.

ಹಲಗೆ ಕಿತ್ತರು. ಎಣ್ಣೆಕಾಗದ ಹರಿದು ವಿಭೂತಿ ಬಳಿದರು, ಕುಂಕುಮ ಹಚ್ಚಿದರು, ಚೆಂಡು ಹೂವಿನ ಸರ ಹಾಕಿದರು. ಶೆಡ್ಡಿನೊಳಗೆ ಕಲ್ಲು ಕಾಣಲಿಲ್ಲವೆಂದು ಮಾವನವರು ಕಾಯನ್ನು ಮಷೀನಿನ ಕಬ್ಬಿಣದ ಪಾದದ ಮೇಲೆಯೇ ಒಡೆದರು. ನೀರು ಹರಿದು ಒಳಗೆ ಹೋಯಿತು. ಆಮೇಲೆ ಹಿಂದಿನ ಮೂಲೆಯ ಕಾಗದ ಬಿಚ್ಚಿದಾಗ ದೊಡ್ಡ ಹಲ್ಲುಗಾಲಿ ಎರಡು ಹೋಳಾಗಿ ಬಿದ್ದಿತ್ತು.

ವಿಮೆಯ ಕಡೆಯವರು ಬಂದರು. ಕುಂಕುಮದ ಮೇಲೆ ಬೆರಳಾಡಿಸಿ, ಒಣಗಿದ ಕಾಯಿನೀರಿನ ಕಲೆ ನೋಡಿ ಹೇಳಿದರು:

"ವ್ಯಾಗನ್ದಾಗ ಒಡೀತೋ, ನಿಮ್ಮ ಹಾರಿಗಿ ಒಡೀತೋ, ನಿಮ್ಮ ಟೆಂಗಿನಕಾಯಿಗಿ ಒಡೀತೋ, ನಾ ಏನಂತ ಬರೀಲ್ರಿ?"

ಚಹಾ ಕುಡಿದು ಸೊಲ್ಲಾಪುರದ ಗಾಡಿ ಹಿಡಿದರು.

ಮಷೀನು ಷಡ್ಡಕನ ಅಂಗಡಿಯಲ್ಲಿ ಹೂವಿನ ಸರ ಹಾಕಿಕೊಂಡು ಸುಮ್ಮನೆ ಕೂತಿತು. ನನಗೆ ಈಗಲಾದರೂ ನಿದ್ದೆ ಹತ್ತಬೇಕಿತ್ತಲ್ಲ? ಹತ್ತಲಿಲ್ಲ. ಆ ಮುರುಕು ಮಷೀನನ್ನು ನೋಡಲಿಕ್ಕೂ ಬಾಗೇವಾಡಿಯಿಂದ, ಮುದ್ದೇಬಿಹಾಳದಿಂದ ಜನ ಬರುತ್ತಿದ್ದರು. ಫಾರಿನ್ ಮಾಲು ಎಂದು ಕಬ್ಬಿಣ ಸವರಿ ನೋಡಿ ಹೋಗುತ್ತಿದ್ದರು. ನನ್ನ ಟ್ರೆಡಲ್ ವರ್ಷಗಟ್ಟಲೆ ದುಡಿದಿದೆ, ಅದನ್ನು ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ. ಕೆಟ್ಟು ನಿಂತ ಮೇಲೂ ಮೆರೆಯುವ ಆ ಮಷೀನಿನ ಮೇಲೆ ನನಗೆ ಮೊದಲಿಗಿಂತ ಹೆಚ್ಚು ಉರಿ ಎದ್ದಿತು.

ಒಂದು ಸಂಜೆ ಷಡ್ಡಕ ಪ್ರೆಸ್ಸಿಗೆ ಬಂದು ಕಾಗದದ ಕಟ್ಟಿನ ಮೇಲೆ ಕೂತ. ಇಳಿದುಹೋಗಿದ್ದ.

"ಅಣ್ಣಾ, ಗಾಲಿ ತರಿಸಿಕೊಡು. ಅವತ್ತ ನೀ ಹೇಳಿದ್ದು ಖರೇ ಇತ್ತು."

"ಮತ್ತ ಯಾಕ ಕೇಳಲಿಲ್ಲ?"

"ನಿನ್ನ ಮಾರಿ ನೋಡಿದೆ."

ಜರ್ಮನಿಗೆ ಬರೆದೆ, ಮತ್ತೆ ಲೈಸನ್ಸಿಗೆ ಓಡಾಡಿದೆ, ಮತ್ತೆ ಧಕ್ಕೆಯಲ್ಲಿ ಕಾದೆ. ಈ ಸಲ ಗಾಲಿಯ ಪೆಟ್ಟಿಗೆಯನ್ನು ರೈಲ್ವೆಗೆ ಕೊಡದೆ ನನ್ನ ಜೊತೆಯಲ್ಲೇ ಲಾರಿಯಲ್ಲಿ ತಂದೆ. ಗಾಲಿ ಕೂತಿತು, ಮಷೀನು ತಿರುಗಿತು. ಮೊದಲು ಸಿಂದಗಿಯವರು ಅವನ ಕಡೆ ಹೋದರು, ಆಮೇಲೆ ಹೊರ್ತಿಯವರು, ಆಮೇಲೆ ನನ್ನ ಓಣಿಯವರೇ ಹೋದರು. ನನಗೆ ಉಳಿದದ್ದು ಅಡತಿ ಅಂಗಡಿಗಳ ಪಾವತಿ ಪುಸ್ತಕ ಮತ್ತು ನಾಟಕದ ಹ್ಯಾಂಡಬಿಲ್ಲು. ಹೊತ್ತು ಹೋಗದೆ ಬಾಗಿಲಲ್ಲಿ ಕೂತರೆ ಆ ಮಷೀನಿನ ಸದ್ದು ಬಜಾರಿನ ಆ ತುದಿಯಿಂದ ಕೇಳುತ್ತಿತ್ತು, ಅದೂ ಒಂದೇ ಲಯದಲ್ಲಿ, ಒಂದು ಕೊಂಕು ಹುಡುಕೋಣವೆಂದರೆ ಇಲ್ಲ.

ಮುಂದಿನ ಬೇಸಿಗೆಗೆ ನನ್ನ ದೊಡ್ಡ ಮಗಳಿಗೆ ಮುದ್ದೇಬಿಹಾಳದ ಕಡೆ ಗಟ್ಟಿಯಾಯಿತು. ಬಹಳ ದಿನಗಳ ಮೇಲೆ ನನ್ನ ಕೈಗೆ ಒಂದು ಮದುವೆ ಕಾರ್ಡು ಬಂದಿತ್ತು. ಒಕ್ಕಣೆ ನಾನೇ ಬರೆದೆ. ಸವೆಯದ ಮೊಳೆಗಳನ್ನು ಆರಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಎಲ್ಲಕ್ಕಿಂತ ಮೊದಲು ಅವಳ ಹೆಸರನ್ನು ಜೋಡಿಸಿ ಇಟ್ಟೆ. ಚಹಾ ತಂದ ಮಗಳು ಕಪ್ಪು ಕೊಟ್ಟು ಅಲ್ಲೇ ನಿಂತಳು.

"ಅಪ್ಪಾ, ಸಿಟ್ಟಿಗೇಳಬ್ಯಾಡ."

"ಏನವಾ?"

"ಕಾರ್ಡು ಕಾಕಾನ ಮಷೀನಿನಾಗ ಹೊಡಸೂಣು. ಅಲ್ಲಿ ಅಚ್ಚು ಭಾಳ ಚಂದ ಬರ್ತಾವ."

ಯಾರಾದರೂ ಹೇಳಿಕೊಟ್ಟಿರಬೇಕು ಎಂದು ಅವಳ ಮುಖ ನೋಡಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೇ ಆಸೆಯಿತ್ತು.

"ಆತು," ಎಂದೆ.

ಒಕ್ಕಣೆಯ ಹಾಳೆ ಹಿಡಿದುಕೊಂಡು ಅವಳು ಬಜಾರಿನ ಆ ತುದಿಗೆ ಹೋದಳು. ನಾನು ತೊಳೆದ ಮೊಳೆಗಳನ್ನು ಗೂಡಿಗೆ ತುಂಬಿದೆ. ಅವಳ ಹೆಸರೊಂದು ಉಳಿದಿತ್ತು. ಅದನ್ನೂ ಬಿಚ್ಚಿದೆ.