ಕಬ್ಬಿನ ಸಾಲು ಸರಿದ ರಸ್ತೆ

ಜಮಖಂಡಿಯಿಂದ ಮುಧೋಳದ ಬಸ್ಸು ಬೆಳಗಿನ ಮಂಜಿನಲ್ಲೇ ಹೊರಟಿತು. ಕಿಟಕಿ ಮುಚ್ಚಿದ್ದರೂ ಚಳಿ ಒಳಗೆ ನುಗ್ಗುತ್ತಿತ್ತು. ಧಾರವಾಡದಲ್ಲಿ ರಸ್ತೆ ಅಪಘಾತಗಳ ಅಧ್ಯಯನ ಮಾಡುವ ನಾನು ಕೆಲಸದ ಮೇಲೆ ಜಮಖಂಡಿಯಲ್ಲಿ ಉಳಿದಿದ್ದೆ; ಆ ದಿನ ಮುಧೋಳದ ರಸ್ತೆ ಸುರಕ್ಷತಾ ಸಭೆಯಲ್ಲಿ ನಮ್ಮ ವರದಿ ಮಂಡಿಸಬೇಕಿತ್ತು. ಮಹಾಲಿಂಗಪುರದಿಂದ ಬನಹಟ್ಟಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಕ್ಕರೆ ಕಾರ್ಖಾನೆಯ ಸರದಿ ಕಾಯುತ್ತ ನಿಲ್ಲುತ್ತಿದ್ದವು. ಟ್ರೇಲರಿನ ಹಿಂದೆ ದೀಪ ಇರುತ್ತಿರಲಿಲ್ಲ. ಸಂಜೆ ಮನೆಗೆ ಮರಳುವ ಬೈಕಿನವರು ಅದಕ್ಕೆ ಗುದ್ದಿ ಸಾಯುತ್ತಿದ್ದರು. ಬನಹಟ್ಟಿಯ ನೇಕಾರ ಶಂಕ್ರಪ್ಪ ತೀರಿಕೊಂಡದ್ದೂ ಹಾಗೆಯೇ.

ಮುಧೋಳದಲ್ಲಿ ಗಿರಮಿಟ್ಟು ತಿಂದು, ಚಹಾ ಕುಡಿದು ಸಭೆಗೆ ಹೋದೆ. ಸಾರಿಗೆ ಅಧಿಕಾರಿ ಬಿರಾದಾರರು ವರದಿಯ ಪುಟ ತಿರುಗಿಸದೆಯೇ ಕೇಳಿದರು, "ಮೇಡಂ, ಟ್ರ್ಯಾಕ್ಟರ್ ರಸ್ತಾದಾಗ ನಿಲ್ಲಬಾರದು ಅಂತ ಇದರಾಗ ಐತಿಲ್ರೀ?"

"ಐತ್ರಿ. ಟ್ರೇಲರಿಗೆ ರೇಡಿಯಂ ಪಟ್ಟಿ ಹಚ್ಚಬೇಕು ಅಂತಾನೂ ಐತಿ."

"ಅದನ್ನ ಮುಂದ ನೋಡೋಣ. ಇವತ್ತ ನನಗ ಇದೊಂದು ಮಾತು ಸಾಕ್ರಿ. ನನಗೇನು ಇದು ಗೊತ್ತಿರಲಿಲ್ಲ ಅಂತಲ್ಲ. ನಾ ಹೇಳಿದ್ರ ಯಾರೂ ಕೇಳಂಗಿಲ್ಲ. ಅಭ್ಯಾಸ ಮಾಡಿದವರು ಹೇಳ್ಯಾರ ಅಂದ್ರ ಸುಮ್ಮನಾಗ್ತಾರ."

ಇಷ್ಟು ದಿನದ ಕೆಲಸದಲ್ಲಿ ಒಂದೇ ಸಾಲು ಬೇಕಾಯಿತೇ ಎಂದು ನನಗೆ ಬೇಸರವಾಯಿತು. ಆದರೆ ಕಾರ್ಖಾನೆ ಕಡೆಯವರು ಎದ್ದು ತಕರಾರು ತೆಗೆದಾಗ ಬಿರಾದಾರರು ಆ ಒಂದು ಸಾಲನ್ನೇ ಹಿಡಿದು ಕೂತರು. ಇನ್ನು ಮೇಲೆ ಟ್ರ್ಯಾಕ್ಟರುಗಳು ಪಕ್ಕದ ಖಾಲಿ ಹೊಲದಲ್ಲೇ ನಿಲ್ಲಬೇಕು ಎಂಬ ಆದೇಶ ಊಟದ ಹೊತ್ತಿಗೆ ಹೊರಬಿತ್ತು.

ಅದನ್ನು ತಿಳಿಸಲು ಬನಹಟ್ಟಿಗೆ ಹೋದೆ. ಶಂಕ್ರಪ್ಪನ ಹೆಂಡತಿ ಮಹಾದೇವಿ ಮಗ್ಗ ನಿಲ್ಲಿಸಿ ನನ್ನ ಮಾತನ್ನು ಕೇಳಿಸಿಕೊಂಡಳು.

"ಛಲೋ ಆತ್ರಿ ಅಕ್ಕಾರ," ಎಂದಳು. ಹರಿದ ಎಳೆಯೊಂದನ್ನು ಗಂಟು ಹಾಕುತ್ತ, "ನಮ್ಮವರು ತೀರಿಕೊಂಡ ವಾರದಾಗ ನಾನೂ ಕಚೇರಿಗೆ ಹೋಗಿ ಇದನ್ನ ಹೇಳಿದ್ನಿ. ದುಃಖದಾಗ ಮಾತಾಡಾಕತ್ತಾಳ ಅಂತ ಹೊಳ್ಳಿ ಕಳಿಸಿದ್ರು. ನನ್ನ ಮಾತು ಯಾಕ ಸಾಲಲಿಲ್ರಿ?" ಎಂದು ಕೇಳಿದಳು.

"ನಿಮ್ಮಂಥವರು ಹೇಳಿದ್ದನ್ನ ಕೇಳೇ ನಾವು ಬರದದ್ದು," ಎಂದೆ.

"ಖರೆ ಐತ್ರಿ. ಆದ್ರ ನೀವು ಬರದು ಮುಗಿಸೂದರಾಗ ಅದ ರಸ್ತಾದಾಗ ಇನ್ನಿಬ್ರು ಸತ್ರಲ್ರೀ."

ಅವಳು ಎದ್ದು ರೊಟ್ಟಿ, ಪುಂಡಿಪಲ್ಯ ತಂದಿಟ್ಟು, "ಉಣ್ರಿ, ದೂರ ಹೋಗೂದೈತಿ," ಎಂದಳು.

ಸಂಜೆ ಅದೇ ರಸ್ತೆಯಲ್ಲಿ ಮುಧೋಳಕ್ಕೆ ಮರಳಿದೆ. ಬಿರಾದಾರರು ರಸ್ತೆಯ ನಡುವೆ ನಿಂತು, ಗೊಣಗುತ್ತಿದ್ದ ಚಾಲಕರ ಕೊನೆಯ ಟ್ರ್ಯಾಕ್ಟರುಗಳನ್ನು ಹೊಲಕ್ಕೆ ಇಳಿಸುತ್ತಿದ್ದರು. ಬಸ್ಸು ಮುಂದೆ ಹೋದ ಮೇಲೆ ತಿರುಗಿ ನೋಡಿದೆ. ಅಂಚಿನಲ್ಲಿ ಕಬ್ಬಿನ ಸೋಗೆ ಮಾತ್ರ ಬಿದ್ದಿತ್ತು. ಅಲ್ಲಿ ಆ ರಸ್ತೆ ಅಷ್ಟು ಅಗಲವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.